ಹೆಜ್ಜೆ ಗುರುತಿಗೊಂದು ಅಚ್ಚು

ವಿದ್ಯಾರ್ಥಿಗಳೇ, ನಿಮ್ಮ ಮನೆಯ ನಾಯಿಯ ಪಾದಗಳಲ್ಲಿ ಯಾವುದು ದೊಡ್ಡದು? ಮುಂಗಾಲಿನದೋ, ಹಿಂಗಾಲಿನದೋ? ಮಳೆ ನಿಂತ ಮೇಲೆ ಅಂಗಳದ ಹಸಿ ಮಣ್ಣಿನಲ್ಲಿ ಅದು ಓಡಾಡಿದ ಗುರುತನ್ನು ಬಗ್ಗಿ ನೋಡಿ. ಮುಂಗಾಲಿನ ಗುರುತೇ ದೊಡ್ಡದು. ದೇಹದ ಭಾರದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಮುಂಗಾಲುಗಳು ಹೊರುತ್ತವೆ. ಒಂದು ದೊಡ್ಡ ಮೆತ್ತೆ, ಅದರ ಮುಂದೆ ನಾಲ್ಕು ಬೆರಳು, ಬೆರಳಿನ ತುದಿಯಲ್ಲಿ ಉಗುರಿನ ಚುಕ್ಕೆ. ಬೆಕ್ಕಿನ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಈ ಚುಕ್ಕೆ ಇರುವುದಿಲ್ಲ. ಅದು ಉಗುರನ್ನು ಒಳಗೆಳೆದುಕೊಂಡು ನಡೆಯುತ್ತದೆ.

ರಾಯಬಾಗ ತಾಲ್ಲೂಕಿನ ಒಂದು ಶಾಲೆಗೆ ಹೋದಾಗ ಆರನೇ ತರಗತಿಯ ಹುಡುಗಿಯೊಬ್ಬಳು ನನ್ನ ಬಳಿ ಬಂದು, “ಸರ್, ನಮ್ಮ ಮೋತಿಗೆ ಭಾಳ ವಯಸ್ಸಾಗೇತ್ರಿ. ಅದರ ಕಾಲಿನ ಅಚ್ಚು ತಗದು ಇಟ್ಕೋಬಹುದೇನ್ರಿ?” ಎಂದು ಕೇಳಿದಳು. ಮೋತಿಗೆ ಒಂದು ಹಿಂಗಾಲು ಕುಂಟು. ಚೆನ್ನಾಗಿ ಮೂಡುವುದು ಮುಂಗಾಲು, ಅದನ್ನೇ ತೆಗೆಯೋಣ ಎಂದೆ. ಅವಳು ಒಪ್ಪಲಿಲ್ಲ. “ಕುಂಟ ಕಾಲಿಂದೂ ಬೇಕ್ರಿ ಸರ್. ಅದ ನಮ್ಮ ಮೋತಿ ಗುರುತು” ಎಂದಳು. ಸರಿ, ನಾಲ್ಕೂ ಕಾಲಿನದು ತೆಗೆದೆವು. ಮೂರು ಅಚ್ಚುಗಳು ದಪ್ಪಗೆ ಉಬ್ಬಿ ಬಂದವು. ನಾಲ್ಕನೆಯದರಲ್ಲಿ ಎರಡು ಬೆರಳಷ್ಟೇ ತೆಳ್ಳಗೆ ಮೂಡಿದ್ದವು. ಮೋತಿ ಆ ಕಾಲಿನ ಮೇಲೆ ಭಾರ ಹಾಕುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ಅದು ಸತ್ತುಹೋಯಿತು. ಆ ಮನೆಯ ಗೂಡಿನಲ್ಲಿ ಈಗ ಆ ತೆಳ್ಳನೆಯ ಅಚ್ಚೇ ಎಲ್ಲಕ್ಕಿಂತ ಮುಂದೆ ಇದೆ.

ಅಚ್ಚು ತೆಗೆಯುವುದು ಕಷ್ಟವಲ್ಲ. ಸ್ಪಷ್ಟವಾಗಿ ಮೂಡಿದ ಒಂದು ಹೆಜ್ಜೆಯನ್ನು ಆರಿಸಿ. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಎರಡು ಬೆರಳಗಲ ಕತ್ತರಿಸಿ, ಬಳೆಯಂತೆ ಬಾಗಿಸಿ, ಹೆಜ್ಜೆಯ ಸುತ್ತ ಮಣ್ಣಿನಲ್ಲಿ ಊರಿ. ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಒಂದು ಲೋಟ ನೀರಿಗೆ ಎರಡು ಲೋಟ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸಿ ಕೋಲಿನಿಂದ ಕಲಸಿ. ಪುಡಿಗೆ ನೀರು ಸುರಿದರೆ ಗಂಟಾಗುತ್ತದೆ. ದೋಸೆ ಹಿಟ್ಟಿನ ಹದಕ್ಕೆ ಬಂದ ಕೂಡಲೇ ಬದಿಯಿಂದ ಮೆಲ್ಲಗೆ ಸುರಿಯಿರಿ. ಒಂದು ಗಂಟೆ ಬಿಟ್ಟು ಎತ್ತಿ. ಮಣ್ಣಿನಲ್ಲಿ ತಗ್ಗಾಗಿದ್ದುದು ಅಚ್ಚಿನಲ್ಲಿ ಉಬ್ಬಾಗಿರುತ್ತದೆ. ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುವ ಕಟ್ಟಿಗೆಯ ಅಚ್ಚನ್ನು ನೆನಪಿಸಿಕೊಳ್ಳಿ, ಅಲ್ಲಿಯೂ ಹೀಗೆಯೇ.

ಈ ಪುಡಿ ಕಲ್ಲಾಗುವುದು ಹೇಗೆ? ಜಿಪ್ಸಂ ಎಂಬ ಖನಿಜದ ಹರಳುಗಳೊಳಗೆ ನೀರು ಸೇರಿಕೊಂಡಿರುತ್ತದೆ. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಆ ನೀರಿನ ಮುಕ್ಕಾಲು ಪಾಲು ಆವಿಯಾಗಿ ಪುಡಿ ಉಳಿಯುತ್ತದೆ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಜಿಪ್ಸಂ ಅಗೆಯುತ್ತಿದ್ದುದರಿಂದ ಪುಡಿಗೆ ಆ ಊರಿನ ಹೆಸರು ಬಂತು. ನೀರು ಬೆರೆಸಿದಾಗ ಕಳೆದುಕೊಂಡಿದ್ದ ನೀರನ್ನು ಮರಳಿ ಪಡೆದು ಸೂಜಿಯಂಥ ಹರಳುಗಳು ಬೆಳೆದು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಗಟ್ಟಿಯಾಗುವಾಗ ಅದು ಕೊಂಚ ಹಿಗ್ಗುತ್ತದೆ. ಆದ್ದರಿಂದಲೇ ಉಗುರಿನ ಗೀರು ಕೂಡ ಬಿಡದೆ ಮೂಡುತ್ತದೆ.

ಆಗ ಶಾಖವೂ ಹೊರಬರುತ್ತದೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2007ರಲ್ಲಿ ಇಂಗ್ಲೆಂಡಿನ ಒಂದು ಶಾಲೆಯಲ್ಲಿ 16 ವರ್ಷದ ಹುಡುಗಿ ಪ್ಲಾಸ್ಟರಿನಲ್ಲಿ ಕೈಯಿಟ್ಟಾಗ ಅದು ಗಟ್ಟಿಯಾಗಿ, ಕೈ ಸುಟ್ಟು, ಬೆರಳುಗಳನ್ನೇ ಕಳೆದುಕೊಂಡಳು. ನಿಮ್ಮ ಕೈಯನ್ನಾಗಲಿ ನಾಯಿಯ ಕಾಲನ್ನಾಗಲಿ ಪ್ಲಾಸ್ಟರಿನೊಳಗೆ ಎಂದಿಗೂ ಇಡಕೂಡದು. ನಾಯಿ ತುಳಿಯಬೇಕಾದುದು ಮಣ್ಣನ್ನು. ಅದು ಹೋದ ಮೇಲೆ ಪ್ಲಾಸ್ಟರು. ದೊಡ್ಡವರು ಜೊತೆಗಿರಲಿ, ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಉಳಿದುದನ್ನು ಬಾವಿಗೆ, ಹಳ್ಳಕ್ಕೆ ಚೆಲ್ಲಬೇಡಿ. ಬೀದಿನಾಯಿಯನ್ನು ಇದಕ್ಕಾಗಿ ಹಿಡಿಯಲು ಹೋಗಬೇಡಿ. ರೇಬಿಸ್ ಚುಚ್ಚುಮದ್ದು ಹಾಕಿಸಿದ ಮನೆಯ ನಾಯಿಯೇ ಸಾಕು.

ನಮ್ಮ ದೇಶದಲ್ಲಿ ಹುಲಿಗಳನ್ನು ಎಣಿಸಿದ್ದೂ ಹೀಗೆಯೇ! ಒಡಿಶಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧರಿ ಅವರು ಹೆಜ್ಜೆ ಗುರುತಿನಿಂದ ಎಣಿಸುವ ವಿಧಾನವನ್ನು ರೂಪಿಸಿದರು. (ಖೈರಿ ಎಂಬ ಹೆಣ್ಣು ಹುಲಿಯನ್ನು ಮನೆಯಲ್ಲಿ ಸಾಕಿದವರು ಇವರೇ.) 1972ರ ಎಣಿಕೆಯಲ್ಲಿ 1,827 ಹುಲಿಗಳ ಲೆಕ್ಕ ಸಿಕ್ಕಿತು. ಆದರೆ ಕರ್ನಾಟಕದ ವಿಜ್ಞಾನಿ ಉಲ್ಲಾಸ ಕಾರಂತರು ಈ ಲೆಕ್ಕವನ್ನು ಒಪ್ಪಲಿಲ್ಲ. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆ, ಮರಳಿನಲ್ಲಿ ಇನ್ನೊಂದು ಬಗೆ ಮೂಡುತ್ತದಲ್ಲ? ಅವರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತಿಸಿದರು. 2006ರಿಂದ ದೇಶದ ಎಣಿಕೆಯಲ್ಲೂ ಕ್ಯಾಮೆರಾ ಬಂತು.

ಕಾರಂತರ ಮಾತನ್ನು ನೀವೇ ಪರೀಕ್ಷಿಸಬಹುದು. ಅಥಣಿ, ಕಾಗವಾಡದ ಕಡೆಯವರಿಗೆ ಎರೆ ಮಣ್ಣೂ ಇದೆ, ಕೃಷ್ಣೆಯ ದಂಡೆಯ ಮರಳೂ ಇದೆ. ಚಿಕ್ಕೋಡಿ, ನಿಪ್ಪಾಣಿಯವರು ಹೊಲದ ಮಣ್ಣಿನ ಜೊತೆಗೆ ಹಳ್ಳದ ಮರಳನ್ನು ಹುಡುಕಿಕೊಳ್ಳಿ. ಒಂದೇ ನಾಯಿಯ ಅದೇ ಕಾಲಿನ ಅಚ್ಚನ್ನು ಎರಡು ಕಡೆ ತೆಗೆದು ಅಳತೆಪಟ್ಟಿಯಿಂದ ಅಗಲ ಅಳೆಯಿರಿ. ಪ್ಲಾಸ್ಟರು ಪೂರ್ತಿ ಬಿಗಿಯುವ ಮೊದಲೇ ಬೆನ್ನಿನ ಮೇಲೆ ಮೊಳೆಯಿಂದ ನಾಯಿಯ ಹೆಸರು, ಯಾವ ಕಾಲು, ಯಾವ ಮಣ್ಣು, ತಾರೀಖು ಇಷ್ಟನ್ನು ಕೊರೆದಿಡಿ.