ಅಜ್ಜನ ಪಟಗಾ ಯಾಕೆ ಬೂದಿ ಬಣ್ಣ?

ಫ್ಲ್ಯಾಶ್ ಹಾಕಿದರೆ ಫೋಟೋ ಕೆಡುತ್ತೆ ಅಂತ ಬಹಳ ಜನ ಹೇಳ್ತಾರೆ. ನಾನು ಒಪ್ಪಲ್ಲ. ಎಷ್ಟು ಬೆಳಕು ಬೇಕು ಅನ್ನೋದನ್ನ ಪೂರ್ತಿ ಕ್ಯಾಮೆರಾಕ್ಕೇ ಬಿಟ್ಟರೆ ಕೆಡುತ್ತೆ, ಅಷ್ಟೇ. ನಮ್ಮ ಬೈಲಹೊಂಗಲ ಕಡೆಯವರಿಗಂತೂ ಇದು ಗೊತ್ತಿರಬೇಕು. ಯಾಕಂದ್ರೆ ನಮ್ಮ ಹಿರಿಯರು ಧೋತರದಿಂದ ಪಟಗಾದವರೆಗೆ ಬರೀ ಬಿಳಿ :)

ಶಟರ್ ತೆರೆಯೋ ಮುಂಚೆ ಡಿಜಿಟಲ್ ಕ್ಯಾಮೆರಾ ಒಂದು ಸಣ್ಣ ಫ್ಲ್ಯಾಶ್ ಬಿಟ್ಟು, ಎಷ್ಟು ಬೆಳಕು ವಾಪಸ್ ಬಂತು ಅಂತ ಅಳೆಯುತ್ತೆ. ಎದುರಿಗಿರೋದು ಧೋತರವೋ ಕರಿ ಕಂಬಳಿಯೋ ಅದಕ್ಕೇನು ಗೊತ್ತು? ಜಗತ್ತೆಲ್ಲ ಸರಾಸರಿ ಬೂದು ಅಂತ ನಂಬಿರೋ ಪ್ರೋಗ್ರಾಮು ಅದು. ಬಿಳಿ ಕಂಡರೆ ಬೆಳಕು ಹೆಚ್ಚಾಯ್ತು ಅಂತ ಫ್ಲ್ಯಾಶ್ ಇಳಿಸುತ್ತೆ. ಧೋತರ ಬೂದಿ, ಮುಖ ಕತ್ತಲೆ. ಕಂಬಳಿ ಹೊದ್ದ ಕುರಿಗಾರರನ್ನ ತೆಗೆದರೆ ಉಲ್ಟಾ, ಮುಖಕ್ಕೆ ಸುಣ್ಣ ಬಳಿದ ಹಾಗೆ.

ದೂರದ ಲೆಕ್ಕ ಇನ್ನೊಂದು. ಗೈಡ್ ನಂಬರ್ 12 ಇರೋ ಸಣ್ಣ ಫ್ಲ್ಯಾಶ್, ಐಎಸ್ಒ 100, ಎಫ್ 4ರಲ್ಲಿ ಮುಟ್ಟೋದು 3 ಮೀಟರ್. ಐಎಸ್ಒ 400 ಮಾಡಿದರೆ 6. ಕಿತ್ತೂರು ಉತ್ಸವದ ರಾತ್ರಿ ಹಿಂದೆ ನಿಂತು ವೇದಿಕೆ ಕಡೆ ಮಿಂಚಿಸಿದರೆ ಬೆಳಗೋದು ಮುಂದಿನ ಸಾಲಿನವರ ತಲೆ ಮಾತ್ರ! ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಭಂಡಾರ ಹಾರೋವಾಗ ಲೆನ್ಸಿನ ಪಕ್ಕದ ಫ್ಲ್ಯಾಶ್ ಬೇಡವೇ ಬೇಡ. ಹತ್ತಿರದ ಕಣಗಳೇ ಹೊಳೆದು ಫೋಟೋ ತುಂಬ ಹಳದಿ ಚುಕ್ಕೆ.

ಅಕ್ಕನ ಮದುವೆಯ ಹಿಂದಿನ ರಾತ್ರಿ ಅಜ್ಜ ಪಡಸಾಲೆಯಲ್ಲಿ ಸುಣ್ಣದ ಗೋಡೆಗೆ ಒರಗಿ ಕೂತಿದ್ದ. ಬಿಳಿ ಮೇಲೆ ಬಿಳಿ. ಫ್ಲ್ಯಾಶಿನ ತಲೆ ಮೇಲಕ್ಕೆ ತಿರುಗಿಸಿ ಅಂತ ಪುಸ್ತಕಗಳು ಹೇಳ್ತವೆ, ಆದರೆ ನಮ್ಮ ಮನೆಯ ಜಂತಿಗಳು ಹೊಗೆ ಹಿಡಿದು ಕಪ್ಪು, ಬೆಳಕನ್ನೆಲ್ಲ ನುಂಗ್ತವೆ. ಪಕ್ಕದ ಗೋಡೆಗೆ ತಿರುಗಿಸಿದೆ. ಫ್ಲ್ಯಾಶ್ ಕಾಂಪೆನ್ಸೇಶನ್ ಸೊನ್ನೆಯಲ್ಲಿ ಒಂದು, ಪ್ಲಸ್ 1ರಲ್ಲಿ ಒಂದು, ಪ್ಲಸ್ 2ರಲ್ಲಿ ಒಂದು.

"ಎಷ್ಟ್ ಸಲ ಮಿಂಚಸ್ತೀಯೋ ತಮ್ಮಾ, ಕಣ್ಣ ಕುಕ್ಕಾಕತ್ತಾವು."

"ಇನ್ನೊಂದ ಅಜ್ಜಾ, ಅಲ್ಲಾಡಬ್ಯಾಡ."

ಸೊನ್ನೆಯಲ್ಲಿ ಬೂದಿ. ಪ್ಲಸ್ 2ರಲ್ಲಿ ಪಟಗಾದ ಮಡಿಕೆಗಳೇ ಮಾಯ. ಪ್ಲಸ್ 1ರಲ್ಲಿ ಪಟಗಾ ಬಿಳಿ, ಮುಖದ ಸುಕ್ಕು ಸುಕ್ಕು ಹಾಗೇ, ಕಣ್ಣಲ್ಲಿ ಒಂದು ಹೊಳಪು. ಶಟರ್ 1/30 ಇಟ್ಟಿದ್ದರಿಂದ ಹಿಂದಿನ ಬಲ್ಬಿನ ಬೆಳಕೂ ಉಳಿದಿತ್ತು.

ಮುಂದಿನ ವರ್ಷ ಅಜ್ಜ ತೀರಿಕೊಂಡ. ಕಟ್ಟು ಹಾಕಿಸೋಕೆ ಆ ಪ್ಲಸ್ 1ರ ಫೋಟೋನೇ ಒಯ್ದೆ. ಸ್ಟುಡಿಯೋದವರು "ಹಿಂದ ನೀಲಿ ಹಾಕ್ಲೇನ್ರಿ?" ಅಂತ ಕೇಳಿದರು. ಬ್ಯಾಡ್ರಿ, ಸುಣ್ಣದ ಗ್ವಾಡಿನ ಇರ್ಲಿ ಅಂದೆ.