ಬೆಳಗಿನ ಏಳು ಗಂಟೆಯ ಕನ್ನಡ

ದೆಹಲಿಯ ಕನ್ನಡ ಸಂಸಾರಗಳಲ್ಲಿ ಬೆಳಗಿನ ಆರರಿಂದ ಎಂಟರವರೆಗಿನ ಕಾಲಕ್ಕೆ ಯಾವ ಪಂಚಾಂಗವೂ ಹೆಸರಿಟ್ಟಿಲ್ಲ. ರಾಹುಕಾಲ ಒಂದೂವರೆ ಗಂಟೆಗೆ ಮುಗಿಯುತ್ತದೆ. ನಮ್ಮದು ಎರಡು ಗಂಟೆ. ನಲ್ಲಿಯಲ್ಲಿ ನೀರು ಬರುವುದು, ಕುಕ್ಕರು ಕೂಗುವುದು, ಮಗನ ಒಂದು ಕಾಲುಚೀಲ ಕಾಣೆಯಾಗುವುದು, ಶಾಲೆಯ ಬಸ್ಸು ಮೂಲೆಯಲ್ಲಿ ಹಾರನ್ ಹೊಡೆಯುವುದು, ಎಲ್ಲಕ್ಕೂ ಅದೇ ಮುಹೂರ್ತ.

ನಾವು ಸರ್ಕಾರಿ ಗುಮಾಸ್ತರು. ಒಂಬತ್ತಕ್ಕೆ ಕಚೇರಿ. ದೆಹಲಿಯ ಕೇಂದ್ರ ಕಚೇರಿಗಳಿಗೆ 2014ರಲ್ಲಿ ಆಧಾರ್ ಜೋಡಿಸಿದ ಹಾಜರಿ ಯಂತ್ರಗಳು ಬಂದವು. ಹಿಂದೆ ಹಾಜರಿ ಪುಸ್ತಕ ಇಟ್ಟುಕೊಂಡು ಕೂತ ಮನುಷ್ಯನಿಗಾದರೆ ಮಂಜು, ಮೆಟ್ರೊ, ಮಗುವಿನ ಕೆಮ್ಮು ಎಂದು ಏನಾದರೂ ಹೇಳಬಹುದಿತ್ತು. ಯಂತ್ರಕ್ಕೆ ಕಿವಿಯಿಲ್ಲ. ತಡವಾದರೆ ಅರ್ಧ ದಿನದ ಸಾಂದರ್ಭಿಕ ರಜೆಗೆ ಕತ್ತರಿ. ಆ ಭಯ ಕಡತದ ಹಾಗೆ ದೊಡ್ಡವರಿಂದ ಚಿಕ್ಕವರಿಗೆ ಇಳಿದು, ಕೊನೆಗೆ ಮನೆಯ ಅತಿ ಕಿರಿಯ ಸದಸ್ಯನ ಮೇಲೆ 'ಸೂಕ್ತ ಕ್ರಮ'ವಾಗಿ ಬೀಳುತ್ತದೆ.

ಹೋಗುವುದು ರಜೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದಲ್ಲಿ ಹಿಂದಿ. ಸಂಜೆ ನಾವು ಮನೆ ಸೇರುವ ಹೊತ್ತಿಗೆ ಅವರಿಗೆ ಪಾಠ, ನಮಗೆ ಆಯಾಸ. ಲೋದಿ ಎಸ್ಟೇಟಿನಲ್ಲಿ ದೆಹಲಿ ಕನ್ನಡ ಶಾಲೆ ಉಂಟು, ನಿಜ. ನೋಯ್ಡಾ, ಫರೀದಾಬಾದುಗಳಿಂದ ದಿನವೂ ಅಲ್ಲಿಗೆ ಕಳುಹಿಸುವುದು ಎಲ್ಲರಿಗೂ ಆಗುವ ಮಾತಲ್ಲ. ಹೀಗಾಗಿ ಎಷ್ಟೋ ಮನೆಗಳಲ್ಲಿ ಮಗುವಿನ ಕಿವಿಗೆ ಕನ್ನಡ ಬೀಳುವುದು ಹೆಚ್ಚಾಗಿ ಈ ಎರಡು ಗಂಟೆಯಲ್ಲೇ. ಬೀಳುವ ಕನ್ನಡವಾದರೂ ಯಾವುದು? 'ಏಳು', 'ಬೇಗ', 'ಹೊತ್ತಾಯ್ತು', 'ಎಷ್ಟು ಸಲ ಹೇಳಬೇಕು?' ಕಥೆ, ತಮಾಷೆಗಳೆಲ್ಲ ಬೇರೆ ಭಾಷೆಗಳಲ್ಲಿ. ಗದರಿಕೆ ಮಾತ್ರ ತಾಯ್ನುಡಿಯಲ್ಲಿ! ಹೀಗೆ ಬೆಳೆದ ಮಗು ಮುಂದೆ ಕನ್ನಡ ಕೇಳಿದೊಡನೆ ಕಾಲುಚೀಲ ಹುಡುಕಲು ಹೊರಟರೆ ಆಶ್ಚರ್ಯವೇನು?

ಅದಕ್ಕೇ ನಮ್ಮ ಮನೆಯಲ್ಲಿ ಬೆಳಗಿನ ಕನ್ನಡಕ್ಕೆ ಚಿಟಿಕೆ ನಗೆ ಬೆರೆಸುತ್ತೇವೆ. ಸಾಮಗ್ರಿಯನ್ನು ದೆಹಲಿಯೇ ಒದಗಿಸುತ್ತದೆ. ಮಗಳು ಬಾಚಣಿಗೆ ಹಿಡಿದು ಬಂದು, "ಅಮ್ಮಾ, ಬಾಲ್ ಬಾಚು" ಎನ್ನುತ್ತಾಳೆ. ನಮ್ಮಾಕೆ, "ಹಿಂದಕ್ಕೆ ತಿರುಗು, ಬಾಲ ಎಲ್ಲಿದೆ ನೋಡೋಣ" ಎನ್ನುತ್ತಾಳೆ. ಜಡೆಯೂ ಆಯಿತು, 'ಕೂದಲು' ಎಂಬ ಪದವೂ ಬಂತು. ಊರಿನಿಂದ ಬಂದಿದ್ದ ಅಜ್ಜಿಯನ್ನು ಎದುರು ಮನೆಯವರು "ಕ್ಯಾ ಹಾಲ್ ಹೈ?" ಎಂದು ವಿಚಾರಿಸಿದಾಗ ಅವರು, "ಇನ್ನೂ ಬಂದಿಲ್ಲವಮ್ಮ" ಎಂದಿದ್ದರು. ಅಂದಿನಿಂದ ಒಲೆಯ ಮೇಲೆ ಹಾಲು ಉಕ್ಕಿದರೆ ಯಾರೂ ಯಾರನ್ನೂ ಬಯ್ಯುವುದಿಲ್ಲ. "ಕ್ಯಾ ಹಾಲ್ ಹೈ?" ಎಂದು ಮಗ ಕೇಳುತ್ತಾನೆ, "ಉಕ್ಕಿ ಹೋಯಿತು ಸ್ವಾಮಿ" ಎಂದು ಉತ್ತರ ಬರುತ್ತದೆ. ಈರುಳ್ಳಿ ಹೆಚ್ಚುವಾಗ 'ಅಂಗಡಿಯಿಂದ ತರೋದು, ಮುಂದಿಟ್ಟುಕೊಂಡು ಅಳೋದು' ಎಂಬ ನಮ್ಮ ಹಳೆಯ ಒಗಟಂತೂ ಇದ್ದೇ ಇದೆ.

'ರಾಶಿ' ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾ. ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಹಾಸ್ಯಪತ್ರಿಕೆ ಆರಂಭಿಸಿದರು; 1967ರವರೆಗೂ ಅದು ಕನ್ನಡಿಗರನ್ನು ನಗಿಸಿತು. ವೈದ್ಯರೇ ಹಂಚಿದ್ದೆಂದ ಮೇಲೆ ನಗೆಯನ್ನು ಔಷಧವೆನ್ನಲು ಅಡ್ಡಿಯಿಲ್ಲ. ಆದರೆ ಔಷಧಕ್ಕೆ ಪಥ್ಯ ಬೇಕು. ಮಗುವಿನ ತಪ್ಪು ಕನ್ನಡವನ್ನು ಬಂದವರ ಮುಂದೆ ಆಡಿಕೊಂಡರೆ ಅದು ಮರುದಿನದಿಂದ ಬಾಯಿಯನ್ನೇ ತೆರೆಯದು. ಪದವನ್ನು ಕಂಡು ನಗಬೇಕು, ಮಗುವನ್ನು ಕಂಡಲ್ಲ. ದೊಡ್ಡವರ ಸರದಿಯೂ ಬರಬೇಕು. ನಾವು "ಬಸ್ ಆ ಗಯಾ" ಎಂದರೆ ಮಗ, "ಗಯಾ ಅಲ್ಲ ಅಣ್ಣ, ಗಯೀ. ಹಿಂದಿಯಲ್ಲಿ ಬಸ್ಸು ಹೆಂಗಸು" ಎಂದು ತಿದ್ದುತ್ತಾನೆ. ತಿದ್ದುವುದು ಕನ್ನಡದಲ್ಲಿ ಎಂಬುದೇ ನಮ್ಮ ಸಂತೋಷ.

ನಗೆಯಿಂದ ಬಸ್ಸು ನಿಲ್ಲುವುದಿಲ್ಲ. ಕಾಲುಚೀಲವನ್ನು ರಾತ್ರಿಯೇ ಜೋಡಿಸಿಡಬೇಕು, ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಡಬೇಕು, ಕೆಲಸ ಕೆಲಸವೇ. ಆದರೆ ರಜೆಯಲ್ಲಿ ಊರಿಗೆ ಹೋದಾಗ ಜಗಲಿಯಲ್ಲಿ ಅಜ್ಜಿ ಒಂದು ತಮಾಷೆ ಹೇಳಿದರೆ, ನಮ್ಮ ಮುಖ ನೋಡಿ ಅರ್ಥ ಕೇಳದೆ ಮಕ್ಕಳು ಅಜ್ಜಿಯ ಜೊತೆಗೇ ನಗಬೇಕು. ಅದಕ್ಕೆ ಬೇಕಾದ ಕನ್ನಡವನ್ನು ದೆಹಲಿಯಲ್ಲಿ ನಾವು ಕೂಡಿಡಬಹುದಾದದ್ದು ಈ ಎರಡು ಗಂಟೆಯಲ್ಲೇ.