ಮುಖ ಕೊಟ್ಟು ಮಾತು

ನಮ್ಮ ನುಡಿಯಲ್ಲಿ ಒಂದು ದೂರು ಉಂಟು: ‘ಅವರು ಮುಖ ಕೊಟ್ಟು ಮಾತನಾಡಲಿಲ್ಲ’ ಎಂಬುದು. ಮದುವೆಮನೆಯಲ್ಲಿ ಎಲೆಯ ತುಂಬ ಬಡಿಸಿದರೂ ಸರಿಯೇ, ಬೀಗರು ಮುಖ ಕೊಡದೆ ಹೋದರೆ ಹೋಳಿಗೆಯೂ ಸಪ್ಪೆಯೇ. ಮಾತು ನಾಲಗೆಯ ಕೆಲಸವಾದರೂ ಅದಕ್ಕೆ ಸಾಕ್ಷಿ ನುಡಿಯಬೇಕಾದುದು ಕಣ್ಣು. ಜೀವಮಾನವೆಲ್ಲ ಬೆಳಕಿನ ಬೆನ್ನು ಹತ್ತಿದ ಸರ್ ಸಿ. ವಿ. ರಾಮನ್ನರು ಕೂಡ ಮುಪ್ಪಿನಲ್ಲಿ ಬೆಂಗಳೂರಿನಲ್ಲಿ ಕುಳಿತು ಕಣ್ಣಿನ ವಿಚಾರಕ್ಕೇ ಬಂದರು. ದೃಷ್ಟಿಯನ್ನು ಕುರಿತ ಅವರ ಗ್ರಂಥ 1968ರಲ್ಲಿ ಹೊರಬಂದಿತು. ಆದರೆ ಎರಡು ಜೊತೆ ಕಣ್ಣುಗಳು ಸಂಧಿಸಿದಾಗ ನಡೆಯುವುದೇನು? ಅದು ಭೌತಶಾಸ್ತ್ರವೊಂದರಿಂದಲೇ ಬಿಡಿಸಲಾಗದ ಗಂಟು.

ದೊಡ್ಡಬಳ್ಳಾಪುರದ ಮಗ್ಗುಲಿನ ಬಾಶೆಟ್ಟಿಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಸುತ್ತಲೂ ಕಾರ್ಖಾನೆಗಳೆದ್ದು ಹಳ್ಳಿತನವೆಂಬುದು ಬಹುಮಟ್ಟಿಗೆ ಹೆಸರಿನಲ್ಲಿಯೇ ಉಳಿದಿದೆ. ರೇಷ್ಮೆಯ ಎಳೆಗೆ ಹೆಸರಾದ ಈ ಸೀಮೆಗೆ ಈಗ ಗಾಜಿನ ಎಳೆಯೂ ಬಂದಿದೆ. ಕೂದಲಿನಷ್ಟು ತೆಳುವಾದ ಆ ಎಳೆಯೊಳಗೆ ಬೆಳಕು ಹೊರಗೆ ಸೋರದೆ, ಒಳಗೊಳಗೇ ಪ್ರತಿಫಲಿಸುತ್ತ, ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಗಾಜು ಸಾಕಷ್ಟು ಶುದ್ಧವಾಗಿದ್ದರೆ ಇದು ಸಾಧ್ಯವೆಂದು ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಜರ್ಮನಿಯಲ್ಲಿರುವ ನನ್ನ ಸೋದರಳಿಯ ಪ್ರತಿ ಭಾನುವಾರ ತಾಯಿಗೆ ಕಾಣಿಸಿಕೊಳ್ಳುವುದು ಇಂಥ ಎಳೆಗಳ ಕೃಪೆಯಿಂದಲೇ.

ಆದರೂ ಅಕ್ಕನಿಗೆ ನೆಮ್ಮದಿಯಿಲ್ಲ. “ನೋಡೋ, ಇವನು ಮುಖ ಕೊಟ್ಟು ಮಾತಾಡೋದನ್ನೇ ಬಿಟ್ಟಿದಾನೆ. ತಲೆ ಬಗ್ಗಿಸ್ಕೊಂಡೇ ಇರ್ತಾನೆ. ನನ್ನ ಹತ್ತಿರ ಏನೋ ಮುಚ್ಚಿಡ್ತಿದಾನೆ” ಎಂದಳು ಒಂದು ದಿನ. ಕೆಲಸ ಹೋಯಿತೋ, ಕಾಯಿಲೆಯೋ, ಹೇಳದೆ ಮದುವೆಯಾದನೋ? ಹೀಗೆ ಅವಳ ಊಹೆ ವಾರಕ್ಕೊಂದು ಮೆಟ್ಟಿಲು ಏರುತ್ತಿತ್ತು. ಕೇಳಿದರೆ ಅವನಿಗೆ ಕೋಪ; ಕೇಳದಿದ್ದರೆ ಇವಳಿಗೆ ನಿದ್ದೆಯಿಲ್ಲ.

ನಾನು ಅವನನ್ನು ವಿಚಾರಿಸಿದೆ. ಕಂಪ್ಯೂಟರಿನ ಕ್ಯಾಮೆರಾ ಪರದೆಯ ನೆತ್ತಿಯ ಮೇಲಿದೆ; ತಾಯಿಯ ಮುಖವಿರುವ ಚೌಕ ಅದಕ್ಕಿಂತ ಸುಮಾರು 15 ಸೆಂಟಿಮೀಟರು ಕೆಳಗೆ; ಅವನು ಕುಳಿತಿರುವುದು 50 ಸೆಂಟಿಮೀಟರು ದೂರದಲ್ಲಿ. ಅಲ್ಲಿಗೆ ಅವನ ನೋಟ ಕ್ಯಾಮೆರಾದಿಂದ 16–17 ಡಿಗ್ರಿ ಕೆಳಗೆ ಬಿತ್ತು. ಪಾಪ, ಅವನು ಕಣ್ಣಿಟ್ಟು ನೋಡುತ್ತಿದ್ದುದು ತಾಯಿಯ ಮುಖವನ್ನೇ! ನೋಟ ಕೆಳಕ್ಕೆ ಸುಮಾರು 5 ಡಿಗ್ರಿ ಜಾರಿದರೂ ಎದುರಿನವರು ಅದನ್ನು ನೇರನೋಟವೆಂದೇ ಮನ್ನಿಸುತ್ತಾರೆ, ಪಕ್ಕಕ್ಕೋ ಮೇಲಕ್ಕೋ ಹೊರಳಿದರೆ ಅಷ್ಟು ಮನ್ನಿಸುವುದಿಲ್ಲ ಎಂದು ಮಿಲ್ಟನ್ ಚೆನ್ ಎಂಬ ಸಂಶೋಧಕರು 2002ರಲ್ಲಿ ಕಂಡುಕೊಂಡಿದ್ದಾರೆ. “ಅಮ್ಮನ ಚಿತ್ರವನ್ನು ಕ್ಯಾಮೆರಾದ ಕೆಳಗೇ ಇಟ್ಟುಕೊಂಡು ಕುರ್ಚಿಯನ್ನು ಹಿಂದಕ್ಕೆ ಎಳೆದುಕೋ” ಎಂದೆ. “ಆಗಲಿ ಮಾವ” ಎಂದ. 80 ಸೆಂಟಿಮೀಟರು ದೂರ, 4 ಸೆಂಟಿಮೀಟರು ಅಂತರ. ಕೋನ 3 ಡಿಗ್ರಿಗೆ ಇಳಿಯಿತು. ಮುಂದಿನ ಭಾನುವಾರ ಅಕ್ಕ ಹೇಳಿದ್ದು ಒಂದೇ ಮಾತು: “ಇವತ್ತು ಹುಡುಗ ಗೆಲುವಾಗಿದ್ದ.”

ಮೂರು ಡಿಗ್ರಿಯೊಳಗೆ ಮಗನ ಪ್ರಾಮಾಣಿಕತೆ ಅಡಗಿದೆಯೆ ಎಂದು ವಾಚಕರು ನಗಬಹುದು. ಆದರೆ ಹುಟ್ಟಿ ಎರಡರಿಂದ ಐದು ದಿನಗಳಾದ ಶಿಶುಗಳು ಕೂಡ ತಮ್ಮನ್ನು ನೇರವಾಗಿ ನೋಡುವ ಮುಖವನ್ನೇ ಹೆಚ್ಚು ಹೊತ್ತು ದಿಟ್ಟಿಸುತ್ತವೆ ಎಂಬುದು 2002ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾಯ್ ಹಿರ್ಷ್ ಮತ್ತು ಸಂಗಡಿಗರು ಇಬ್ಬರನ್ನು ಎದುರುಬದುರು ಕೂರಿಸಿ, ಅವರ ತಲೆಗೆ ಅತಿಗೆಂಪಿನ ಸಮೀಪದ ಬೆಳಕನ್ನು ಹಾಯಿಸಿದರು. ಆಮ್ಲಜನಕ ಹೊತ್ತ ರಕ್ತ ಆ ಬೆಳಕನ್ನು ಹೀರುವ ಬಗೆ ಬೇರೆ, ಹೊರೆ ಇಳಿಸಿದ ರಕ್ತದ ಬಗೆ ಬೇರೆ. ಮರಳಿ ಬಂದ ಬೆಳಕಿನಿಂದ ಮಿದುಳಿನ ಹೊರಪದರದ ಚಟುವಟಿಕೆಯನ್ನು ಓದಬಹುದು. ಕಣ್ಣಿಗೆ ಕಣ್ಣು ಕೂಡಿದಾಗ ಎರಡು ಮಿದುಳುಗಳ ಕೆಲವು ಭಾಗಗಳು ಒಂದೇ ಲಯಕ್ಕೆ ಬರುತ್ತವೆಂದೂ, ಚಿತ್ರದಲ್ಲಿನ ಕಣ್ಣುಗಳನ್ನು ನೋಡುವಾಗ ಹಾಗಾಗದೆಂದೂ 2017ರಲ್ಲಿ ಅವರು ವರದಿ ಮಾಡಿದರು.

ಹಾಗಾದರೆ ಸದಾ ಕಣ್ಣಲ್ಲಿ ಕಣ್ಣಿಟ್ಟು ಕೂರಬೇಕೆ? ಅದೂ ಇಲ್ಲ. 1965ರಲ್ಲಿ ಮೈಕೆಲ್ ಆರ್ಗೈಲ್ ಮತ್ತು ಜ್ಯಾನೆಟ್ ಡೀನ್ ಎಂಬ ಮನಶ್ಶಾಸ್ತ್ರಜ್ಞರು ಜನರನ್ನು 2, 6, 10 ಅಡಿಗಳ ದೂರದಲ್ಲಿ ಕೂರಿಸಿ ನೋಡಿದರು. ಹತ್ತಿರವಾದಷ್ಟೂ ಜನ ಪರಸ್ಪರ ನೋಡುವುದು ಕಡಿಮೆಯಾಯಿತು! ಆತ್ಮೀಯತೆಗೆ ಒಂದು ತೂಕವಿದೆ. ದೂರ ಹೆಚ್ಚಿದರೆ ಕಣ್ಣು ಅದನ್ನು ತುಂಬುತ್ತದೆ, ಸಾಮೀಪ್ಯ ಸಿಕ್ಕರೆ ಕಣ್ಣಿಗೆ ಬಿಡುವು ದೊರೆಯುತ್ತದೆ ಎಂಬುದು ಅವರ ಸಿದ್ಧಾಂತ.

ಘಾಟಿ ಸುಬ್ರಹ್ಮಣ್ಯದ ಜಾತ್ರೆಯ ಕಾಲಕ್ಕೆ ಸೋದರಳಿಯ ಊರಿಗೆ ಬಂದಿದ್ದ. ನಾನು ಹೋದಾಗ ತಾಯಿ ಮಗ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ನಡುವೆ ಒಂದು ಮೊರ. ಇಬ್ಬರ ಕಣ್ಣೂ ಕಾಯಿಯ ಮೇಲೆ. ಒಂದು ಗಂಟೆಯಾದರೂ ಒಬ್ಬರ ಮುಖ ಒಬ್ಬರು ನೋಡಿದ್ದು ಅಪರೂಪ. ಮುಖ ಕೊಡಲಿಲ್ಲವೆಂಬ ದೂರು ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಗಾಜಿನ ಎಳೆ ದೂರವನ್ನು ದಾಟಬಲ್ಲದು. ಆದರೆ ನೋಡದೆಯೂ ಜೊತೆಯಲ್ಲಿರುವ ಸುಖವನ್ನು ಅದು ಇನ್ನೂ ಹೊತ್ತು ತಂದಿಲ್ಲ.